ಬಿಳಿ ಕೋಟಿನ ನೀಲಕಂಠ

ಮರದ ಎಲೆಗಳು ಹಣ್ಣಾಗುವ ಹೊತ್ತಿಗೆ ಶಿಕಾಗೋ ಪಕ್ಕದ ಶಾಮ್‌ಬರ್ಗಿನ ಶಶಿಧರನಿಗೆ ವರ್ಷವರ್ಷವೂ ಒಂದು ಹುರುಪು ಏರುತ್ತಿತ್ತು. ಅಮೆರಿಕದ ಟಿ.ವಿ. ಚಾನೆಲ್‌ಗಳು ಹೊಸ ಧಾರಾವಾಹಿಗಳನ್ನು ಒಂದರ ಹಿಂದೊಂದು ಇಳಿಸುವುದು ಆಗಲೇ. ಪ್ರತಿಯೊಂದರ ಮೊದಲ ಕಂತು ನೋಡಿ, ‘ಮೊದಲ ನೋಟ’ ಎಂಬ ತಲೆಬರಹ ಕೊಟ್ಟು, ಮಿಡ್‌ವೆಸ್ಟ್ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ತೀರ್ಪು ಬರೆಯುವುದನ್ನು ಅವನು ವ್ರತದ ಹಾಗೆ ನಡೆಸಿಕೊಂಡು ಬಂದಿದ್ದ. ಹಗಲು ಹೊತ್ತಿನಲ್ಲಿ ಅವನು ಒಂದು ವಿಮಾ ಕಂಪನಿಯ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸದವನು. ಅಲ್ಲಿ ಅವನು ಹುಡುಕಿದ ತಪ್ಪನ್ನು ತಪ್ಪೆಂದು ಯಾರೂ ಒಪ್ಪುತ್ತಿರಲಿಲ್ಲ. ಟಿ.ವಿ. ಮುಂದೆ ಹಾಗಲ್ಲ, ಅಲ್ಲಿ ಅವನದೇ ಕೊನೆಯ ಮಾತು.

ಈ ವರ್ಷದ ಸುಗ್ಗಿ ಅವನಿಗೆ ಒಂದಿಷ್ಟೂ ಹಿಡಿಸಿರಲಿಲ್ಲ. ಸೋಮವಾರದ ಪತ್ತೇದಾರಿಯಲ್ಲಿ ಪೊಲೀಸ್ ಅಧಿಕಾರಿ ಜೇನು ಸಾಕುತ್ತಿದ್ದ, ಕೊಲೆಗಾರ ಯಾರೆಂದು ಜೇನುಹುಳಗಳೇ ಸೂಚನೆ ಕೊಡುತ್ತಿದ್ದವು. ‘ಹುಳಗಳ ಅಭಿನಯ ಸಹಜವಾಗಿದೆ, ಉಳಿದವರು ಅವುಗಳಿಂದ ಕಲಿಯಬೇಕು’ ಎಂದು ಬರೆದ. ಮಂಗಳವಾರದ ಹಾಸ್ಯದಲ್ಲಿ ಡೈವೋರ್ಸ್ ಆದ ಗಂಡ ಹೆಂಡತಿ ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿಕೊಂಡು ಬದುಕುತ್ತಿದ್ದರು. ‘ಆ ಗೋಡೆಯನ್ನು ನಮಗೂ ಅವರಿಗೂ ನಡುವೆ ಕಟ್ಟಬೇಕಿತ್ತು’ ಎಂದ. ನೆನಪು ಕಳೆದುಕೊಂಡ ನ್ಯಾಯಾಧೀಶೆಯ ಕಥೆಗೆ, ‘ಆ ಭಾಗ್ಯ ನೋಡುಗರಿಗೂ ಬರಲಿ’ ಎಂದು ಒಂದೇ ಸಾಲು. ಗುಂಪಿನವರು ಸಾಲುಸಾಲಾಗಿ ಹೆಬ್ಬೆರಳು ಒತ್ತಿದರು. ಅವರಲ್ಲಿ ಒಬ್ಬರೂ ಆ ಧಾರಾವಾಹಿ ನೋಡುವವರಲ್ಲ. ಕ್ರಿಕೆಟ್ಟು, ಇಲ್ಲದಿದ್ದರೆ ಊರಿನ ಚಾನೆಲ್ಲು. ಶಶಿಧರ ನೋಡಿ ಹೇಳುತ್ತಾನೆ, ಆದ್ದರಿಂದ ತಾವು ನೋಡಬೇಕಾಗಿಲ್ಲ ಎಂಬುದೇ ಅವರ ಸಂತೋಷ.

ಅವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಶಶಿಧರನೂ ಪೂರ್ತಿ ನೋಡುತ್ತಿರಲಿಲ್ಲ. ವಾಲುಕುರ್ಚಿಯಲ್ಲಿ ಕಾಲು ಚಾಚಿದನೆಂದರೆ ಮೊದಲ ಜಾಹೀರಾತಿಗೆ ಕಣ್ಣು ಮುಚ್ಚಿಹೋಗುತ್ತಿತ್ತು. ಕಂತು ಮುಗಿಯುವ ಹೊತ್ತಿಗೆ ಎಚ್ಚರವಾಗುತ್ತಿತ್ತು.

“ಅನ್ನ ಬೆಂದಿದೆಯಾ ನೋಡೋಕೆ ಒಂದಗುಳು ಸಾಕು ಕಣೇ,” ಎಂದು ಹೆಂಡತಿ ಮಂಜರಿಗೆ ಸಮಜಾಯಿಷಿ ಹೇಳುತ್ತಿದ್ದ.

“ನೀವು ಅಗುಳೂ ಮುಟ್ಟಲ್ಲ. ಕುಕ್ಕರ್ ಕೂಗಿದ್ದು ಕೇಳಿಸ್ಕೊಂಡು ಊಟ ಹೇಗಿತ್ತು ಅಂತ ಬರೀತೀರಿ,” ಎಂದು ಅವಳು ಹೇಳಿದ್ದುಂಟು. ಆದರೆ ಗುಂಪಿನಲ್ಲಿ ಗಂಡನ ಮಾನ ತೆಗೆಯುವ ಹೆಂಗಸಲ್ಲ ಅವಳು. ಹಾಗಾಗಿ ವ್ಯವಹಾರ ನಡೆದುಕೊಂಡು ಬಂದಿತ್ತು.

ಹೀಗಿರುವಾಗ ಡೆಟ್ರಾಯಿಟ್ ಪಕ್ಕದ ಲಿವೋನಿಯಾದಿಂದ ಗಂಗಮ್ಮನ ಫೋನು ಬಂತು. ಶಶಿಧರ ಅಮೆರಿಕಕ್ಕೆ ಬಂದ ಹೊಸತರಲ್ಲಿ ಆಕೆಯ ಮನೆಯ ಬೇಸ್‌ಮೆಂಟಿನಲ್ಲಿದ್ದವನು, ಆಕೆಯ ಕೈಯ ಜೋಳದ ರೊಟ್ಟಿ ತಿಂದು ಬದುಕಿದವನು. ಆಕೆಯ ಗಂಡ ಡಾಕ್ಟರ್ ಕಲ್ಲಿನಾಥ, ಮೂಲ ಗದಗಿನ ಕಡೆಯವರು, ಹೆಸರುವಾಸಿ ಹೃದಯತಜ್ಞರು. ಒಬ್ಬನೇ ಮಗ ನೀಲಕಂಠ. ಅಪ್ಪನ ಹಾಗೆ ಡಾಕ್ಟರಾಗಲೆಂದು ಮೆಡಿಕಲ್ ಸೇರಿದವನು ಅರ್ಧಕ್ಕೆ ಬಿಟ್ಟು, ನಟನಾಗುತ್ತೇನೆಂದು ಶಿಕಾಗೋಗೆ ಹೋಗಿ ಬರೀ ನೀಲ್ ಆಗಿಬಿಟ್ಟಿದ್ದ. ಅಂದಿನಿಂದ ಅಪ್ಪ ಮಗನೊಂದಿಗೆ ಮಾತು ಬಿಟ್ಟಿದ್ದರು.

“ಶಶಿಧರ, ನಮ್ಮ ನೀಲಕಂಠ ರವಿವಾರ ಟಿ.ವಿ.ಯಾಗ ಬರಾಕತ್ತಾನ,” ಎಂದಳು ಗಂಗಮ್ಮ. “‘ಸೌತ್ ವಾರ್ಡ್’ ಅಂತ ಹೊಸಾ ದವಾಖಾನಿ ಕಥಿ ಅಂತ.”

“ತುಂಬಾ ಒಳ್ಳೇ ಸುದ್ದಿ ಗಂಗಕ್ಕ.”

“ಏನ್ ಒಳ್ಳೇದು ಬಿಡು. ಇವರು ನೋಡಂಗಿಲ್ಲ ಅಂತ ಹಟ ಹಿಡದಾರ. ಇವರು ನೋಡೂತನಕ ನಾನೂ ನೋಡಂಗಿಲ್ಲ ಅಂತ ನಂದೊಂದು ಹಟ. ಈಗ ಇಬ್ರೂ ಟಿ.ವಿ. ಬಂದ್ ಮಾಡಿ ಕುಂತೀವಿ. ನೀ ನೋಡಿ ಇವರಿಗೆ ಹೇಳು. ನಿನ್ನ ಮಾತು ಕೇಳ್ತಾರ.”

ಅದು ಸುಳ್ಳಲ್ಲ. ತಮ್ಮ ಕ್ಷೇತ್ರವಲ್ಲದ ವಿಷಯದಲ್ಲಿ ಕಲ್ಲಿನಾಥರು ಎಂದೂ ಅಭಿಪ್ರಾಯ ಕೊಡುತ್ತಿರಲಿಲ್ಲ. ಮೊಣಕಾಲು ನೋವಿಗೆ ಮೂಳೆಯವರು, ಚಾವಣಿ ಸೋರಿದರೆ ಚಾವಣಿಯವರು, ಟಿ.ವಿ. ಎಂದರೆ ಶಶಿಧರ. ಕನ್ನಡಕೂಟದ ಊಟದ ಸಾಲಿನಲ್ಲಿ ಒಮ್ಮೆ ಎಲ್ಲರೆದುರು “ಈ ವಿಷಯಕ್ಕ ಇಂವ ಸ್ಪೆಷಲಿಸ್ಟ್” ಎಂದಿದ್ದರು. ಆ ಒಂದು ಮಾತಿನ ಮೇಲೆ ಶಶಿಧರ ವರ್ಷಗಳಿಂದ ತಲೆ ಎತ್ತಿಕೊಂಡು ತಿರುಗುತ್ತಿದ್ದ.

ಭಾನುವಾರ ಅವನು ನಿದ್ದೆ ಮಾಡಬಾರದೆಂದು ಗಟ್ಟಿ ನಿರ್ಧಾರ ಮಾಡಿ ಕೂತ. ಮಂಜರಿ ಬಿಸಿಬೇಳೆಬಾತ್ ಮಾಡಿದ್ದಳು. ನಿರ್ಧಾರ ಒಂದು ಕಡೆ, ತುಪ್ಪ ಸುರಿದ ಬಿಸಿಬೇಳೆಬಾತ್ ಇನ್ನೊಂದು ಕಡೆ ನಿಂತರೆ ಯಾವುದು ಗೆಲ್ಲುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಆಸ್ಪತ್ರೆಯ ಬಾಗಿಲು ತೆರೆದದ್ದು, ಯಾರೋ ಸ್ಟ್ರೆಚರ್ ತಳ್ಳಿಕೊಂಡು ಓಡಿದ್ದು ಅವನಿಗೆ ನೆನಪಿತ್ತು. ಆಮೇಲೆ ಕಣ್ಣು ಬಿಟ್ಟಾಗ ಪರದೆಯ ತುಂಬ ಒಬ್ಬ ತರುಣ. ನಮ್ಮವರ ಮೈಬಣ್ಣ, ನಮ್ಮವರ ಮೂಗು. ಬಿಳಿ ಕೋಟು, ಕೊರಳಲ್ಲಿ ಸ್ಟೆತಾಸ್ಕೋಪು. ಒಬ್ಬ ಮುದುಕಿಯ ಕೈ ಹಿಡಿದು, “ನಿಮ್ಮ ಹೃದಯ ನಿಮ್ಮನ್ನು ಇಷ್ಟು ದೂರ ಹೊತ್ತು ತಂದಿದೆ. ಇನ್ನು ನಾವು ಅದನ್ನು ಹೊರೋಣ” ಎಂದು ಇಂಗ್ಲಿಷಿನಲ್ಲಿ ಹೇಳಿದ. ಮುದುಕಿ ನಕ್ಕಳು. ಹಿಂದೆ ಕೊಳದಲ್ಲಿ ಬಾತುಕೋಳಿಗಳು ಈಜಿದವು. ಅಷ್ಟರಲ್ಲಿ ವಾರ್ತೆ ಶುರುವಾಯಿತು.

ಶಶಿಧರ ನೀಲಕಂಠನನ್ನು ಕೊನೆಗೆ ನೋಡಿದ್ದು ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಹುಡುಗನಾಗಿದ್ದಾಗ. ಎಷ್ಟು ಬೆಳೆದುಬಿಟ್ಟ ಎಂದುಕೊಂಡ. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಫೋನು. ಗಂಗಮ್ಮ ಅಲ್ಲ, ಖುದ್ದು ಡಾಕ್ಟರೇ.

“ಶಶಿಧರ್, ಏನ್ರಿ ರಿಪೋರ್ಟು?” ಎಂದರು, ಎಕ್ಸ್‌ರೇ ಕೇಳುವ ದನಿಯಲ್ಲಿ.

“ಸರ್, ಏನು ಹೇಳ್ಲಿ. ಡಾಕ್ಟರ್ ಪಾತ್ರ. ಬಿಳಿ ಕೋಟು ಹಾಕ್ಕೊಂಡು, ಒಬ್ಬ ಅಜ್ಜಿ ಕೈ ಹಿಡ್ಕೊಂಡು ಹೃದಯದ ಬಗ್ಗೆ ಎರಡು ಮಾತು ಹೇಳ್ದ. ನನ್ನ ಕಣ್ಣಲ್ಲಿ ನೀರು ಬಂತು.”

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.

“ಹೃದಯ ಅಂದ್ನೇನ್ರಿ?”

“ಹೃದಯಾನೇ ಸರ್.”

“ಕಾರ್ಡಿಯಾಲಜಿ,” ಎಂದರು ಕಲ್ಲಿನಾಥರು, ದೇವರ ಹೆಸರು ಹೇಳುವ ಹಾಗೆ. ಆಮೇಲೆ ಮೂಗು ಸೀಟಿದ ಸದ್ದು ಕೇಳಿಸಿ ಫೋನು ಕಡಿದುಹೋಯಿತು.

ಸಂತೋಷ ತಡೆಯಲಾರದೆ ಶಶಿಧರ ಗುಂಪಿನಲ್ಲಿ ಬರೆದ: ‘ಈ ಸೀಸನ್ನಿನ ಏಕೈಕ ಆಶಾಕಿರಣ. ನಮ್ಮ ನೀಲಕಂಠ ಬಿಳಿ ಕೋಟಿನಲ್ಲಿ ಅಮೆರಿಕದ ನಾಡಿ ಹಿಡಿದಿದ್ದಾನೆ.’ ಡೆಟ್ರಾಯಿಟ್ ಕಡೆಯ ಕೂಟದ ಅಧ್ಯಕ್ಷ ಜಯಸಿಂಹ ಅದನ್ನು ಇನ್ನಷ್ಟು ಗುಂಪುಗಳಿಗೆ ದಾಟಿಸಿದ. ಬೆಳಗಾಗುವಷ್ಟರಲ್ಲಿ ಒಹಾಯೋದವರೂ ಅಭಿನಂದನೆ ಕಳಿಸಿದ್ದರು. ಶನಿವಾರ ಲಿವೋನಿಯಾದ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಆ ಕಂತು ನೋಡುವುದು, ಊಟ, ಶಶಿಧರನ ಭಾಷಣ, ಎಲ್ಲ ಗೊತ್ತುಮಾಡಿಯೂ ಆಗಿತ್ತು. ಅಲ್ಲಿಯತನಕ ಕಲ್ಲಿನಾಥರು ನೋಡುವುದಿಲ್ಲವಂತೆ. ಮುಹೂರ್ತಕ್ಕೆ ಮೊದಲು ನೋಡಬಾರದಂತೆ.

ಮಂಗಳವಾರ ಸಂಜೆ ಮಗಳು ಇಶಾ ಕಾಲೇಜಿನಿಂದ ಬಂದು, ಫ್ರಿಜ್ಜಿನ ಬಾಗಿಲು ತೆಗೆದು ನಿಂತೇ, “ಅಪ್ಪಾ, ನೀಲ್ ಡಾಕ್ಟರ್ ಅಂತ ಯಾಕೆ ಬರ್ದಿದೀರ? ಹಿ ಸ್ಟೀಲ್ಸ್ ದಿ ಆಂಬ್ಯುಲೆನ್ಸ್,” ಎಂದಳು.

“ಏನು ಕದೀತಾನೆ?”

“ಆಂಬ್ಯುಲೆನ್ಸ್. ಗಡ್ಡ ಇರೋನು. ಲೈಕ್, ಹಾಫ್ ದಿ ಎಪಿಸೋಡ್ ಅವನದ್ದೇ.”

“ಮತ್ತೆ ಬಿಳಿ ಕೋಟು ಹಾಕ್ಕೊಂಡು ಅಜ್ಜಿ ಕೈ ಹಿಡ್ಕೊಂಡಿದ್ದನಲ್ಲ?”

ಇಶಾ ಅಪ್ಪನನ್ನು ಕರುಣೆಯಿಂದ ನೋಡಿದಳು. “ಬಾತುಕೋಳಿ ಇತ್ತಾ? ಅಪ್ಪಾ, ದಟ್ಸ್ ದಿ ಕೊಲೆಸ್ಟರಾಲ್ ಮೆಡಿಸಿನ್ ಆ್ಯಡ್.”

ಶಶಿಧರ ಹುಟ್ಟಿದಮೇಲೆ ಮೊದಲ ಬಾರಿಗೆ ಒಂದು ಧಾರಾವಾಹಿಯ ಮೊದಲ ಕಂತನ್ನು ಮೊದಲಿಂದ ಕೊನೆಯವರೆಗೆ ನೋಡಿದ. ಮಗಳು ಹೇಳಿದ್ದು ನಿಜ. ಗಡ್ಡದ ನೀಲಕಂಠ ಆಸ್ಪತ್ರೆಯ ಮುಂದೆ ನಿಂತಿದ್ದ ಆಂಬ್ಯುಲೆನ್ಸ್ ಹತ್ತಿ, ಸೈರನ್ ಹಾಕಿಕೊಂಡು, ಕೆರೆಯ ದಂಡೆಯ ರಸ್ತೆಯಲ್ಲಿ ಪೊಲೀಸರನ್ನು ಬೆನ್ನಿಗೆ ಕಟ್ಟಿಕೊಂಡು ಓಡಿಸಿದ. ಕೊನೆಗೆ ಅವನಿಗೇ ಹೃದಯಾಘಾತವಾಗಿ, ಎದೆ ಹಿಡಿದುಕೊಂಡು, ಕೂಗಿ, ಬಿಲ್ಲಿನ ಹಾಗೆ ಬಾಗಿ ರಸ್ತೆಯ ಮೇಲೆ ಬಿದ್ದ. ಬಿಳಿ ಕೋಟು ಹಾಕುವ ಸಂದರ್ಭ ಆ ಪಾತ್ರಕ್ಕೆ ಎಲ್ಲಿಯೂ ಬರಲಿಲ್ಲ.

“ಈಗಲೇ ಫೋನ್ ಮಾಡಿ ಹೇಳಿ,” ಎಂದಳು ಮಂಜರಿ.

“ಹೇಗೆ ಹೇಳ್ಲೇ?”

“ಬಾಯಲ್ಲಿ.”

ಶಶಿಧರ ಫೋನು ಮಾಡಿದ. ನೇರವಾಗಿ ಹೇಳಿದರೆ ಅವರ ಎದೆ ಒಡೆದೀತು, ಮೆಲ್ಲಗೆ ಇಳಿಸೋಣ ಎಂಬುದು ಅವನ ಯೋಜನೆ.

“ಸರ್, ನೀಲಕಂಠನ ಪಾತ್ರದ ಬಗ್ಗೆ ಇನ್ನೊಂದು ಚೂರು ಹೇಳ್ಬೇಕಿತ್ತು. ಅದು ಬರೀ ಹೃದಯದ ವಾರ್ಡಲ್ಲ. ಆಂಬ್ಯುಲೆನ್ಸ್ ಕಡೆ ಜಾಸ್ತಿ.”

“ಎಮರ್ಜನ್ಸಿ ಮೆಡಿಸಿನ್ ಅನ್ರಿ. ಛಲೋ ಆತು. ಕಾರ್ಡಿಯಾಲಜಿಗಿಂತ ಕಷ್ಟದ ಕೆಲಸ ಅದು.”

“ಅಂದ್ರೆ ಆಂಬ್ಯುಲೆನ್ಸ್ ತಾನೇ ಓಡಿಸ್ತಾನೆ ಸರ್.”

“ಡಾಕ್ಟರ್ ಆಗಿ ತಾನ ಡ್ರೈವ್ ಮಾಡ್ತಾನ? ಆ ಸಿನ್ಸಿಯಾರಿಟಿ ನಮ್ಮ ರೆಸಿಡೆಂಟ್ ಡಾಕ್ಟರ್ಸ್‌ಗೆ ಎಲ್ಲಿ ಅದ ಹೇಳ್ರಿ.”

“ಅಲ್ಲ, ಯಾರನ್ನೂ ಕೇಳದೆ ತಗೊಂಡು ಹೊರಟುಬಿಡ್ತಾನೆ.”

“ಡಿಸಿಷನ್ ಮೇಕಿಂಗ್. ಕೇಳ್ಕೋತ ಕುಂತ್ರ ಪೇಶಂಟ್ ಉಳೀತಾನೇನ್ರಿ?”

“ಹಿಂದೆ ಪೊಲೀಸ್ ಬರ್ತಾರೆ ಸರ್,” ಎಂದ ಶಶಿಧರ. ದನಿಯಲ್ಲಿ ಅಳು ಬಂದಿತ್ತು.

“ಎಸ್ಕಾರ್ಟ್ ಕೊಟ್ಟಾರ,” ಎಂದರು ಕಲ್ಲಿನಾಥರು. “ಶಶಿಧರ್, ನಾ ಅವನಿಗೆ ಫೋನ್ ಮಾಡಿದ್ದೆ. ಮಾಡಬಾರದು ಅಂದಿದ್ದೆ, ಆದ್ರ ಮಾಡಿದೆ. ನಿಮ್ಮ ಮಾತಿನಿಂದ ಮಾಡಿದೆ. ಶನಿವಾರ ಬರ್ತೀನಿ ಅಂದಾನ. ಅವನಿಗೆ ಕಾರಿಲ್ಲ. ನೀವ ಕರಕೊಂಡು ಬರ್ರಿ.”

ಶಶಿಧರ ಫೋನನ್ನು ಮೇಜಿನ ಮೇಲಿಟ್ಟು ಅದರ ಮೇಲೆ ದಿನಪತ್ರಿಕೆ ಮುಚ್ಚಿದ.

“ಹೇಳಿದ್ರಾ?” ಎಂದಳು ಮಂಜರಿ.

“ಎಲ್ಲ ಹೇಳ್ದೆ ಕಣೇ. ಒಂದೂ ಬಿಡದ ಹಾಗೆ ಹೇಳ್ದೆ. ಹೇಳಿದಷ್ಟೂ ಆ ಮನುಷ್ಯ ಖುಷಿಪಟ್ರೆ ನಾನೇನು ಮಾಡ್ಲಿ?”

“‘ಕದೀತಾನೆ’ ಅನ್ನೋ ಪದ ಉಪಯೋಗಿಸಿದ್ರಾ?”

ಅದೊಂದು ಪದ ಬಿಟ್ಟುಹೋಗಿತ್ತು.

ಅಪ್ಪನಿಗೆ ಹೇಳಲಾಗದಿದ್ದರೆ ಮಗನಿಗಾದರೂ ಹೇಳಿ ಸಿದ್ಧಮಾಡೋಣ, ಮುಂದಿನದನ್ನು ಅವನೇ ನೋಡಿಕೊಳ್ಳಲಿ ಎಂದು ಶಶಿಧರ ಗಟ್ಟಿಮಾಡಿಕೊಂಡ. ಶನಿವಾರ ಬೆಳಿಗ್ಗೆ ಶಿಕಾಗೋದ ಇಂಡಿಯನ್ ಅಂಗಡಿಬೀದಿ ಡೆವನ್ ಅವೆನ್ಯೂದಲ್ಲಿ ನೀಲಕಂಠನನ್ನು ಹತ್ತಿಸಿಕೊಳ್ಳುವುದಿತ್ತು. ಮಂಜರಿ ವೀಳ್ಯದೆಲೆ, ಮಲ್ಲಿಗೆ ತರಲು ಅಂಗಡಿಗೆ ಹೋದಳು. ಚಹಾದಂಗಡಿಯ ಮೂಲೆಯಲ್ಲಿ ಶಶಿಧರ ಹುಡುಗನ ಎದುರು ಕೂತ. ನೀಲಕಂಠ ಗಡ್ಡ ಟ್ರಿಮ್ ಮಾಡಿಕೊಂಡು, ಇಸ್ತ್ರಿಯ ಕುರ್ತಾ ಹಾಕಿಕೊಂಡು ಬಂದಿದ್ದ. ಸಾಮಾನ್ಯವಾಗಿ ಇಂಥ ಹುಡುಗರು ಫೋನು ನೋಡುತ್ತ ಮಾತಾಡುತ್ತಾರೆ. ಇವನು ಫೋನನ್ನು ಜೇಬಿನಲ್ಲಿಟ್ಟಿದ್ದ.

“ನೀಲ್, ನಿನ್ನ ಹತ್ರ ಒಂದು ವಿಷಯ ಮಾತಾಡ್ಬೇಕು,” ಎಂದು ಶಶಿಧರ ಗಂಟಲು ಸರಿಮಾಡಿಕೊಂಡ.

“ಅಂಕಲ್, ಮೊದಲು ನಾನು,” ಎಂದ ನೀಲಕಂಠ. “ಅಪ್ಪ ಕಾಲ್ ಮಾಡಿದ್ರು. ಹಿ ಸೆಡ್ ಹಿ ಈಸ್ ಪ್ರೌಡ್ ಆಫ್ ಮಿ. ಚಿಕ್ಕವನಿದ್ದಾಗ ಸ್ಪೆಲ್ಲಿಂಗ್ ಬೀ ಕಾಂಪಿಟಿಷನ್ ಗೆದ್ದಿದ್ದೆ, ಅವತ್ತೂ ಹಾಗೆ ಹೇಳಿರ್ಲಿಲ್ಲ. ನೀವು ಏನೋ ಹೇಳಿದ್ರಂತೆ. ಥ್ಯಾಂಕ್ ಯೂ.”

“ಅಪ್ಪ ಏನು ಇಷ್ಟ ಆಯ್ತು ಅಂದ್ರು?”

“ಮೈ ಡಿಸಿಷನ್ ಮೇಕಿಂಗ್. ಅದನ್ನ ಹೇಳೋಕೆ ನಿನ್ನೆ ಮತ್ತೆ ಕಾಲ್ ಮಾಡಿದ್ರು,” ಎಂದ ಹುಡುಗ. “ಮೆಡ್ ಸ್ಕೂಲ್ ಬಿಟ್ಟಿದ್ದು ಕರೆಕ್ಟ್ ಅಂತ ಈಗ ಅವ್ರಿಗೆ ಅನ್ನಿಸ್ತಿದೆ, ಐ ಥಿಂಕ್.”

ಶಶಿಧರ ಚಹಾ ಕುಡಿದ. ಅದು ಬಾಯಿ ಸುಡುತ್ತಿತ್ತು, ಆದರೂ ಕುಡಿದ. ಬಾಯಿ ತುಂಬಿದ್ದರೆ ಮಾತಾಡಬೇಕಾಗಿಲ್ಲ. ಅತ್ತ ಅಪ್ಪ ಮಗನ ಬಿಳಿ ಕೋಟಿಗೆ ಹೆಮ್ಮೆಪಡುತ್ತಿದ್ದಾರೆ, ಇತ್ತ ಮಗ ಅಪ್ಪ ತನ್ನ ಗಡ್ಡದ ಪಾತ್ರವನ್ನೇ ಒಪ್ಪಿಕೊಂಡರೆಂದು ನಂಬಿದ್ದಾನೆ. ನಡುವೆ ಈ ಗಂಟು ಹಾಕಿದವನು ಇವರನ್ನು ಒಂದೇ ಮನೆಯೊಳಗೆ ತಲುಪಿಸಲು ಕಾರಿಗೆ ಪೆಟ್ರೋಲು ಬೇರೆ ಹಾಕಿಸಿಕೊಂಡು ಬಂದಿದ್ದಾನೆ.

ದಾರಿಯುದ್ದಕ್ಕೂ ರಸ್ತೆ ಅಗೆದಿದ್ದರು. ಇಂಡಿಯಾನಾದಲ್ಲಿ ಕಿತ್ತಳೆ ಬಣ್ಣದ ತಡೆ ಡ್ರಮ್ಮುಗಳ ನಡುವೆ ಕಾರು ತೆವಳಿತು, ಮಿಶಿಗನ್ ಗಡಿ ದಾಟಿದರೂ ತೆವಳಿತು. ಹಿಂದಿನ ಸೀಟಿನಲ್ಲಿ ನೀಲಕಂಠ ತುಟಿ ಅಲ್ಲಾಡಿಸುತ್ತ ಏನನ್ನೋ ಕಲಿಯುತ್ತಿದ್ದ. ಹೆದ್ದಾರಿ ಬದಿಯ ಒಂದು ರೆಸ್ಟ್ ಏರಿಯಾದಲ್ಲಿ ಮಂಜರಿ ಇಳಿದುಹೋಗುವ ಮುನ್ನ ಗಂಡನ ತೋಳು ಚಿವುಟಿ, “ನಾನು ವಾಪಸ್ ಬರೋದ್ರೊಳಗೆ,” ಎಂದಷ್ಟೇ ಹೇಳಿದಳು. ಶಶಿಧರ ಹಿಂದಕ್ಕೆ ತಿರುಗಿದ.

“ಅಂಕಲ್, ಇದು ಕರೆಕ್ಟಾ ನೋಡಿ,” ಎಂದ ನೀಲಕಂಠ ಅವನು ಬಾಯಿ ತೆರೆಯುವ ಮೊದಲೇ. “‘ಅಪ್ಪ, ನೀವು ನನ್ನ ಕೆಲಸ ನೋಡಿದ್ದಕ್ಕೆ ನನಗೆ ತುಂಬ ಸಂತೋಷ ಆಗಿದ್ದಾನೆ.’”

“ಆಗಿದೆ,” ಎಂದ ಶಶಿಧರ. “ಸಂತೋಷ ಆಗಿದೆ.”

“ಸಂತೋಷ ಆಗಿದೆ,” ಎಂದು ಹುಡುಗ ಮತ್ತೆ ಮತ್ತೆ ಹೇಳಿಕೊಂಡ. ಮಂಜರಿ ವಾಪಸು ಬಂದು ಗಂಡನ ಮುಖ ನೋಡಿದಳು, ಸೀಟ್ ಬೆಲ್ಟ್ ಹಾಕಿಕೊಂಡು ಲಿವೋನಿಯಾ ಬರುವವರೆಗೆ ಕಿಟಕಿಯ ಆಚೆ ನೋಡುತ್ತ ಕೂತಳು.

ಕಲ್ಲಿನಾಥರ ಬಡಾವಣೆಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಬಾಗಿಲಿಗೆ ಮಾವಿನ ತೋರಣ, ಅದರ ಮೇಲೆ ಜಯಸಿಂಹ ಮುದ್ರಿಸಿ ತಂದ ಬ್ಯಾನರು: ‘ಡಾ. ನೀಲಕಂಠ ಕಲ್ಲಿನಾಥ ಅವರಿಗೆ ಸುಸ್ವಾಗತ’. ನೀಲಕಂಠನಿಗೆ ಕನ್ನಡ ಓದಲು ಬರದಿದ್ದದ್ದು ಆ ಕ್ಷಣಕ್ಕೆ ದೈವಕೃಪೆ. ಒಳಗೆ ಸ್ಟೆತಾಸ್ಕೋಪಿನ ಆಕಾರದ ಕೇಕಿತ್ತು. ಕೂಟದವರು ರೇಷ್ಮೆಯುಟ್ಟು ಬಂದಿದ್ದರು. ಕಲ್ಲಿನಾಥರ ಆಸ್ಪತ್ರೆಯ ಅಮೆರಿಕನ್ ಡಾಕ್ಟರುಗಳು ತಟ್ಟೆಯಲ್ಲಿ ಶೇಂಗಾ ಹೋಳಿಗೆ ಹಿಡಿದು ಅದನ್ನು ಎಲ್ಲಿಂದ ಶುರುಮಾಡುವುದೆಂದು ಯೋಚಿಸುತ್ತಿದ್ದರು.

ಕಲ್ಲಿನಾಥರು ರೇಷ್ಮೆ ಜುಬ್ಬದಲ್ಲಿ ಸೋಫಾದ ಪಕ್ಕ ನೆಟ್ಟಗೆ ನಿಂತಿದ್ದರು. ಮಗನನ್ನು ನೋಡಿ ಕೈ ಮುಂದೆ ಮಾಡಿದರು. ತಬ್ಬಿಕೊಳ್ಳಬೇಕೋ ಕೈ ಕುಲುಕಬೇಕೋ ಇಬ್ಬರಿಗೂ ತಿಳಿಯದೆ ಮೊಣಕೈ ತಾಗಿಸಿಕೊಂಡರು.

“ಅಪ್ಪ, ನೀವು ನನ್ನ ಕೆಲಸ ನೋಡಿದ್ದಕ್ಕೆ ನನಗೆ ತುಂಬ ಸಂತೋಷ ಆಗಿದೆ,” ಎಂದ ನೀಲಕಂಠ, ಒಂದೂ ತಪ್ಪಿಲ್ಲದೆ.

“ಇನ್ನ ನೋಡಿಲ್ಲಪ,” ಎಂದರು ಕಲ್ಲಿನಾಥರು. “ಈಗ ನೋಡೂಣು.”

ಹುಡುಗನ ಮುಖ ಅರೆಗಳಿಗೆ ಬಿಗಿಯಿತು. ಅವನು ಶಶಿಧರನ ಕಡೆ ತಿರುಗುವಷ್ಟರಲ್ಲಿ ಜಯಸಿಂಹ ಕೈತಟ್ಟಿ, “ಈಗ ನಮ್ಮ ಟಿ.ವಿ. ವಿಮರ್ಶಕರಾದ ಶಶಿಧರ್ ಅವರು ಎರಡು ಮಾತು,” ಎಂದುಬಿಟ್ಟ.

ಶಶಿಧರ ಎದ್ದು ನಿಂತ. ಬೆವರು ಒರೆಸಿಕೊಂಡ. “ಧಾರಾವಾಹಿ ಅನ್ನೋದು... ನಾವು ಅಂದ್ಕೊಂಡ ಹಾಗೆ ಇರಲ್ಲ,” ಎಂದ. “ಒಬ್ಬ ನಟ ಯಾವ ಪಾತ್ರ ಬೇಕಾದ್ರೂ ಮಾಡಬಹುದು. ಡಾಕ್ಟರ್ ಮಾಡಬಹುದು. ಡಾಕ್ಟರ್ ಅಲ್ಲದೇ ಇರೋದೂ ಮಾಡಬಹುದು. ಡಾಕ್ಟರ್ ಅಲ್ಲದೇ ಇರೋದರಲ್ಲೂ ತುಂಬ ವಿಧ ಇದೆ.” ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಎಷ್ಟು ಆಳವಾದ ಮಾತು ಎಂದು ಜಯಸಿಂಹ ಪಕ್ಕದವರಿಗೆ ಹೇಳಿದ್ದು ಶಶಿಧರನಿಗೆ ಕೇಳಿಸಿತು. ಅವನು ಕೂತುಬಿಟ್ಟ.

ಟಿ.ವಿ. ಹಚ್ಚಿದರು. ಆಸ್ಪತ್ರೆಯ ಬಾಗಿಲು ತೆರೆಯಿತು, ಸ್ಟ್ರೆಚರ್ ಓಡಿತು. ಬಿಳಿ ಕೋಟು ಹಾಕಿದ ಯಾರೇ ಕಾಣಿಸಿದರೂ ಗಂಗಮ್ಮ ಮುಂದಕ್ಕೆ ಬಾಗಿ, ಇವನಲ್ಲವೆಂದು ಹಿಂದಕ್ಕೆ ಒರಗಿದಳು. ಮುಖ ಕಾಣದ ಕತ್ತಲಲ್ಲಿ ಗಡ್ಡದವನೊಬ್ಬ ಆಂಬ್ಯುಲೆನ್ಸಿನ ಸುತ್ತ ಕಳ್ಳಬೆಕ್ಕಿನಂತೆ ಸುಳಿದಾಡುವಾಗ, “ಈ ಭಾಡ್ಯಾ ಯಾರು?” ಎಂದರು ಕಲ್ಲಿನಾಥರು. ಅಷ್ಟರಲ್ಲಿ ಜಾಹೀರಾತು ಬಂತು. ಕೊಳ, ಬಾತುಕೋಳಿ, ಮುದುಕಿ, ಬಿಳಿ ಕೋಟು.

ಕೋಣೆಯೆಲ್ಲ ಚಪ್ಪಾಳೆ ಹೊಡೆಯಿತು. ಜಯಸಿಂಹ ಎದ್ದುನಿಂತು ಹೊಡೆದ. ಗಂಗಮ್ಮ ಮಾತ್ರ ಹೊಡೆಯಲಿಲ್ಲ. ಹೆತ್ತವಳ ಕಣ್ಣು.

“ಇಂವ ನಮ್ಮ ಹುಡುಗ ಅಲ್ಲ,” ಎಂದಳು.

“ಅಮ್ಮಾ, ದಟ್ಸ್ ಎ ಕಮರ್ಷಿಯಲ್,” ಎಂದ ನೀಲಕಂಠ. “ನಾನು ಆಗಲೇ ಬಂದೆ. ಆಂಬ್ಯುಲೆನ್ಸ್ ಹತ್ರ ಇದ್ದಿದ್ದು ನಾನು.”

ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿದ್ದು ನಿಂತಿತು. ಕಲ್ಲಿನಾಥರು ಟಿ.ವಿ.ಯಿಂದ ಕಣ್ಣು ತೆಗೆದು ಶಶಿಧರನ ಮೇಲಿಟ್ಟರು.

ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. “ತಪ್ಪು ನಂದು ಸರ್,” ಎಂದ ಶಶಿಧರ. “ಮಧ್ಯೆ ನಿದ್ದೆ ಬಂದುಬಿಟ್ಟಿತ್ತು. ಎದ್ದಾಗ ಇವನು ಕಂಡ, ನೀಲಕಂಠ ಅಂದ್ಕೊಂಡೆ. ಆಮೇಲೆ ಹೇಳೋಕೆ ನೋಡ್ದೆ, ಆಗಲಿಲ್ಲ.”

“ಪ್ರತಿ ಸಲಾನೂ ನಿದ್ದೆ ಮಾಡ್ತಾರೆ,” ಎಂದಳು ಮಂಜರಿ. ವರ್ಷಗಳಿಂದ ಕಟ್ಟಿಟ್ಟುಕೊಂಡಿದ್ದ ಮಾತು, ತಾನಾಗಿ ಹೊರಬಂತು.

ಆದರೆ ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ನೀಲಕಂಠನನ್ನೇ ನೋಡುತ್ತಿದ್ದರು. ಅವನು ಗೋಡೆಗೆ ಆನಿಸಿಕೊಂಡು ನಿಂತಿದ್ದ.

“ಸೋ ನಾನು ಡಾಕ್ಟರ್ ಆಗಿದೀನಿ ಅಂತ ಕಾಲ್ ಮಾಡಿದ್ರಿ,” ಎಂದ ಮೆಲ್ಲಗೆ. “ಅದಕ್ಕೇನಾ ಪ್ರೌಡ್ ಅಂದಿದ್ದು?”

ಕಲ್ಲಿನಾಥರು ಮತ್ತೆ ಟಿ.ವಿ. ಕಡೆ ತಿರುಗಿದರು. ಜಾಹೀರಾತು ಮುಗಿದು ಕಥೆ ಮುಂದುವರಿದಿತ್ತು. ಟಿ.ವಿ. ನಿಲ್ಲಿಸುವ ಧೈರ್ಯ ಯಾರಿಗೂ ಬರಲಿಲ್ಲ. ಸೈರನ್ ಕೂಗಿತು, ಪೊಲೀಸರು ಬೆನ್ನು ಹತ್ತಿದರು. ಅತಿಥಿಗಳು ತಂತಮ್ಮ ತಟ್ಟೆಯ ಹೋಳಿಗೆಯನ್ನು ಅಧ್ಯಯನ ಮಾಡಿದರು. ಶಶಿಧರನಿಗೆ ಆ ಮನೆಯ ಹಳೆಯ ಬೇಸ್‌ಮೆಂಟಿಗೆ ಇಳಿದು ಅಲ್ಲೇ ಉಳಿದುಬಿಡೋಣವೆನ್ನಿಸಿತು. ಪರದೆಯ ಮೇಲೆ ನೀಲಕಂಠ ಆಂಬ್ಯುಲೆನ್ಸಿನಿಂದ ಇಳಿದ, ಎರಡೂ ಕೈಯಲ್ಲಿ ಎದೆ ಹಿಡಿದುಕೊಂಡ, ಕೂಗಿದ, ಬಿಲ್ಲಿನಂತೆ ಬಾಗಿ ಬಿದ್ದ.

“ರಿಮೋಟ್ ಕೊಡ್ರಿ,” ಎಂದರು ಕಲ್ಲಿನಾಥರು.

ಶಶಿಧರ ಕೊಟ್ಟ. ಬಂದ್ ಮಾಡುತ್ತಾರೆಂದು ಎಲ್ಲರೂ ಅಂದುಕೊಂಡರು. ಅವರು ಹಿಂದಕ್ಕೆ ಓಡಿಸಿದರು. ನೀಲಕಂಠ ಮತ್ತೆ ಎದೆ ಹಿಡಿದ, ಮತ್ತೆ ಬಿದ್ದ. ಇನ್ನೊಮ್ಮೆ ಹಿಂದಕ್ಕೆ. ಮತ್ತೆ ಬಿದ್ದ.

“ಇದು ತಪ್ಪದ,” ಎಂದರು.

“ಐ ನೋ, ನಿಮಗೆ ಇಷ್ಟ ಆಗಲ್ಲ ಅಂತ ನನಗೆ...”

“ಆಂಬ್ಯುಲೆನ್ಸ್ ತುಡುಗು ಮಾಡಿದ್ದಲ್ಲೋ. ಅದು ನಿನ್ನ ಹಣೇಬರಾ. ಇದು, ಇದ ತಪ್ಪು.” ಕಲ್ಲಿನಾಥರ ದನಿ ಏರಿತು. “ಹಾರ್ಟ್ ಅಟ್ಯಾಕ್ ಆದಾಂವ ಹಿಂಗ ಒದರಂಗಿಲ್ಲ. ಹಿಂಗ ಡೊಂಬರಾಟದವರಂಗ ಬಾಗಂಗಿಲ್ಲ. ಯಾರು ಹೇಳಿದ್ರು ನಿನಗ?”

“ಡೈರೆಕ್ಟರ್. ದೊಡ್ಡದಾಗಿ ಮಾಡು ಅಂದ್ರು.”

“ಅಂವ ಕಾರ್ಡಿಯಾಲಜಿಸ್ಟ್ ಏನು?” ಅವರು ಸೋಫಾದಿಂದ ಮುಂದೆ ಬಂದರು. “ನಮ್ಮ ಪೇಶಂಟ್ಸ್ ಎದಿ ನೋವು ಅನ್ನೂದೇ ಇಲ್ಲ. ನಾಚಿಕಿ ಅವರಿಗೆ. ಏನಿಲ್ಲ, ಗ್ಯಾಸು ಅಂತಾರ. ಮುಷ್ಟಿ ಕಟ್ಟಿ ಎದಿ ಮ್ಯಾಲ ಹಿಂಗ ಇಡ್ತಾರ. ಕುಂದರಾಕ ಜಾಗ ಹುಡುಕ್ತಾರ. ಮಂದಿಗೆ ತೊಂದ್ರಿ ಆಗಬಾರದು ಅಂತ ನೋಡ್ತಾರ. ಶಶಿಧರ್, ಆ ಟೇಬಲ್ ಸರಸ್ರಿ. ಅಷ್ಟಾರ ಸರಿಯಾಗಿ ಮಾಡ್ರಿ.”

ಶಶಿಧರ ಟೇಬಲ್ ಸರಿಸಿದ. ಅದರ ಮೇಲಿದ್ದ ಕೇಕನ್ನು ಜಯಸಿಂಹ ಎತ್ತಿ ಹಿಡಿದುಕೊಂಡ.

ರೇಷ್ಮೆ ಜುಬ್ಬದ ಹೃದಯತಜ್ಞರು ಕೋಣೆಯ ನಡುವೆ ಬಂದು ನಿಂತರು. ಆಮೇಲೆ ಅವರ ಮುಖದ ಡಾಕ್ಟರ್ ಗತ್ತು ಇಳಿದುಹೋಯಿತು. ಮುಷ್ಟಿ ಮೆಲ್ಲಗೆ ಎದೆಯ ಮೇಲೆ ಬಂತು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸಂಕೋಚದಿಂದ ಆ ಕಡೆ ಈ ಕಡೆ ಕಣ್ಣಾಡಿಸಿದರು. ಸೋಫಾದ ತೋಳು ತಡಕಿದರು, ಅದು ಸಿಗಲಿಲ್ಲ. “ಏನಿಲ್ಲ, ಏನಿಲ್ಲ,” ಎನ್ನುತ್ತ, ಕ್ಷಮೆ ಕೇಳುವವರ ಹಾಗೆ ಮುಗುಳ್ನಕ್ಕು, ಮಂಡಿ ಮಡಚಿ, ಚೂರೂ ಸದ್ದಿಲ್ಲದೆ ಕಾರ್ಪೆಟ್ಟಿನ ಮೇಲೆ ಕುಸಿದು ಪಕ್ಕಕ್ಕೆ ವಾಲಿದರು.

ಅಮೆರಿಕನ್ ಡಾಕ್ಟರೊಬ್ಬ ಹೋಳಿಗೆ ತಟ್ಟೆಯನ್ನು ಮಂಜರಿಯ ಕೈಗೆ ತುರುಕಿ ಓಡಿಬಂದು ಕಲ್ಲಿನಾಥರ ನಾಡಿ ಹಿಡಿದ. ಅವರು ಕಣ್ಣು ತೆರೆಯದೆಯೇ ಇಂಗ್ಲಿಷಿನಲ್ಲಿ, “ನಾನು ಅಭಿನಯಿಸುತ್ತಿದ್ದೇನೆ, ಆಚೆ ಹೋಗು,” ಎಂದರು.

ನೀಲಕಂಠ ಗೋಡೆ ಬಿಟ್ಟು ಬಂದು ಅಪ್ಪನ ಪಕ್ಕ ಕಾರ್ಪೆಟ್ಟಿನ ಮೇಲೆ ಕೂತಿದ್ದ. ಅವನ ಕಣ್ಣು ಅಪ್ಪನ ಮುಷ್ಟಿಯ ಮೇಲಿತ್ತು. ತನ್ನ ಮುಷ್ಟಿಯನ್ನೂ ಹಾಗೇ ಎದೆಯ ಮೇಲಿಟ್ಟು ನೋಡಿಕೊಂಡ.

“ಸ್ವಲ್ಪ ಕೆಳಗ,” ಎಂದರು ಮಲಗಿದ್ದಲ್ಲಿಂದಲೇ ಕಲ್ಲಿನಾಥರು. “ನಡು ಎದಿಗೆ. ನೀ ಮುಂದಿನ ವಾರ ಬದುಕಿರ್ತೀಯೇನು?”

“ಐಸಿಯುನಲ್ಲಿ ಇರ್ತೀನಿ. ಫೋರ್ ಮೋರ್ ಎಪಿಸೋಡ್ಸ್.”

“ಹಂಗಾರ ಐಸಿಯು ನಾ ಹೇಳ್ಕೊಡ್ತೀನಿ. ಅದನ್ನೂ ಕೆಡಿಸಬ್ಯಾಡ.” ಅವರು ಏಳಲು ನೋಡಿದರು. ಮೊಣಕಾಲು ಒಪ್ಪಲಿಲ್ಲ. ಇನ್ನೊಮ್ಮೆ ನೋಡಿದರು. ಸುತ್ತ ನಿಂತಿದ್ದವರೆಲ್ಲ ಕೈ ಚಾಚಿದರು. ಅವರು ಯಾರ ಕೈಯನ್ನೂ ಹಿಡಿಯಲಿಲ್ಲ.

“ನೀಲಕಂಠ, ಏಳಾಕ ಬರವಲ್ದು,” ಎಂದರು. “ನೀ ಹಿಡಿ.”

ಮಗ ಎರಡೂ ಕಂಕುಳಿಗೆ ಕೈ ಹಾಕಿ ಅಪ್ಪನನ್ನು ಎತ್ತಿ ನಿಲ್ಲಿಸಿದ. ನಿಂತಮೇಲೂ ಕೈ ತೆಗೆಯಲಿಲ್ಲ.

“ಆ ನಗೋದು ಹೇಗೆ ಮಾಡಿದ್ರಿ? ಬೀಳೋ ಮೊದಲು?” ಎಂದು ಕೇಳಿದ. “ಇನ್ನೊಂದ್ ಸಲ ತೋರ್ಸ್ತೀರಾ?”

ಕಲ್ಲಿನಾಥರು ಜುಬ್ಬ ಕೊಡವಿಕೊಂಡು ಮತ್ತೆ ಕೋಣೆಯ ನಡುವೆ ಹೋಗಿ ನಿಂತರು. ಗಂಗಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, ಅಡುಗೆಮನೆಯ ಕಡೆ ತಿರುಗಿದಳು.

“ಬೀಳೂದಿದ್ರ ಲಗೂನ ಬೀಳ್ರಿ,” ಎಂದಳು. “ರೊಟ್ಟಿ ಆರಾಕತ್ತಾವ.”